ಕಸೂತಿ ರಿಂಗಿನೊಳಗಿನ ಮುಖ

ಮೊನ್ನೆ ನನ್ನ ತಮ್ಮನ ಮೊಮ್ಮಗಳು ಶ್ರಾವ್ಯ ಕ್ಯಾಮರಾ ಹಿಡಿದುಕೊಂಡು ಬಂದಳು. ಪುತ್ತೂರು, ಕಡಬದ ಕಡೆಯ ಮದುವೆಗಳ ಫೋಟೋ ತೆಗೆಯುವ ಹುಡುಗಿ. ಬರಹೇಳಿದ್ದು ನಾನೇ. ಎಂಬತ್ತು ದಾಟಿದ ಮೇಲೆ ಗೋಡೆಗೆ ಹಾಕುವಂಥ ಫೋಟೋ ಒಂದು ತಯಾರಿರಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಕೊನೆಗೆ ಯಾರದೋ ಗೃಹಪ್ರವೇಶದ ಗ್ರೂಪ್ ಫೋಟೋದಿಂದ, ಬಾಯಲ್ಲಿ ಹೋಳಿಗೆ ತುಂಬಿಕೊಂಡಿರುವ ನಮ್ಮ ತಲೆಯೊಂದನ್ನೇ ಕತ್ತರಿಸಿ, ದೊಡ್ಡದು ಮಾಡಿ, ಮಾಲೆ ಹಾಕುತ್ತಾರೆ. ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅವಳು ಕಿಟಕಿಯ ದಂಡೆಯಲ್ಲಿ ಡಬ್ಬಿಯೊಂದನ್ನು ಬಿಚ್ಚಿ ಮೂರು ದುಂಡು ಗಾಜುಗಳನ್ನು ಸಾಲಾಗಿ ಇಟ್ಟಳು.

“ಡಿಫ್ಯೂಶನ್ ಫಿಲ್ಟರ್ ಅಜ್ಜಿ. ಲೆನ್ಸಿನ ಎದುರಿಗೆ ಹಾಕುದು. ಇದು ಸ್ವಲ್ಪ ಸಾಫ್ಟ್, ಇದು ಮೀಡಿಯಂ, ಇದು ಹಾಕಿದ್ರೆ ನಿಮ್ಗೆ ನಲ್ವತ್ತು ವರ್ಷ.”

“ನನಗೆ ಎಂತದೂ ಬೇಡ. ಇದ್ದ ಹಾಗೆ ತೆಗಿ,” ಎಂದೆ, ಸ್ವಲ್ಪ ಜಂಬದಿಂದಲೇ.

ಬೇಡ ಎಂದ ಬಾಯಿಗೂ ಕೈಗೂ ಹೊಂದಾಣಿಕೆ ಇರಲಿಲ್ಲ. ಕೈ ಆಗಲೇ ಒಂದು ಗಾಜನ್ನು ಎತ್ತಿ ಕಿಟಕಿಗೆ ಹಿಡಿದಿತ್ತು. ಅಂಗಳದಲ್ಲಿ ಬಿಸಿಲಿಗೆ ಕವುಚಿ ಹಾಕಿದ್ದ ಸ್ಟೀಲಿನ ಪಾತ್ರೆಯ ಹೊಳಪು ಮೆತ್ತಗೆ ಸುತ್ತಲೂ ಹರಡಿಕೊಂಡಿತು. ಅರುವತ್ತು ವರ್ಷದ ಹಿಂದೆ ನೋಡಿದ ಬೆಳಕು ಅದು. ಹಸನಬ್ಬನವರ ಬೆಳಕು.

ಹಸನಬ್ಬನವರದ್ದು ಪುತ್ತೂರಿನ ಪೇಟೆಯಲ್ಲಿ ಒಂದು ಸ್ಟುಡಿಯೋ. ಮಾಡಿಗೆ ಗಾಜಿನ ಹೆಂಚು, ಅದರ ಕೆಳಗೆ ಬಿಳಿ ಪರದೆ, ಹಿಂದುಗಡೆ ಬಟ್ಟೆಯಲ್ಲಿ ಬರೆಸಿದ ಅರಮನೆಯ ಮೆಟ್ಟಿಲು. ಊರಿನ ಅರ್ಧ ಜನ ಆ ಮೆಟ್ಟಿಲಿನ ಬುಡದಲ್ಲಿ ಕುಳಿತು ಫೋಟೋ ತೆಗೆಸಿದ್ದೇವೆ. ಹತ್ತಿದವರು ಯಾರೂ ಇಲ್ಲ. ಹೆಣ್ಣುಮಕ್ಕಳ ಫೋಟೋಕ್ಕೆ ಅವರದ್ದೇ ಹೆಸರು. ಲೆನ್ಸಿನ ಎದುರು ಒಂದು ಗಾಜು ಇಟ್ಟು, ಅದರ ನಡುವನ್ನು ಬಿಟ್ಟು ಸುತ್ತಲೂ ಬೆರಳ ತುದಿಯಿಂದ ವ್ಯಾಸಲೀನ್ ಸವರುತ್ತಿದ್ದರು. ಮುಖದ ಒರಟೆಲ್ಲ ಕರಗಿ ಹೋಗುತ್ತಿತ್ತು.

ನನಗೆ ಆ ಕರಗಿಸುವಿಕೆಯ ಅಗತ್ಯ ಉಳಿದವರಿಗಿಂತ ಜಾಸ್ತಿ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಸಿಡುಬು ಎಡಕೆನ್ನೆಯಲ್ಲಿ ಐದು ಗುಂಡಿ ಬಿಟ್ಟು ಹೋಗಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ನನ್ನನ್ನು ಸಮಾಧಾನಪಡಿಸಲು “ಬ್ಯೂಟಿ ಈಸ್ ಓನ್ಲಿ ಸ್ಕಿನ್ ಡೀಪ್” ಅನ್ನುತ್ತಿದ್ದರು. ರಜೆಯಲ್ಲಿ ಅದನ್ನು ‘ಚಂದ ಎಂಬುದು ಚರ್ಮದಷ್ಟೇ ಆಳ’ ಎಂದು ಕನ್ನಡ ಮಾಡಿ ಅಮ್ಮನಿಗೆ ಹೇಳಿದರೆ ಅಮ್ಮ ಕಡುಬಿನ ಹಿಟ್ಟು ಕಲಸುತ್ತಾ, “ನೋಡ್ಲಿಕ್ಕೆ ಬರುವವರು ಅದಕ್ಕಿಂತ ಒಳಗೆ ಎಲ್ಲಿ ನೋಡ್ತಾರೆ?” ಎಂದರು.

ಓದು ಮುಗಿಸಿ ಪುತ್ತೂರಿನಲ್ಲಿ ಟೀಚರ್ ಆದ ವರ್ಷವೇ ಅಮ್ಮ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದರು. ಆಗ ಗಂಡಿನ ಕಡೆಗೆ ಮೊದಲು ಹೋಗುವುದು ಜಾತಕ, ಅದರ ಬೆನ್ನಿಗೆ ಫೋಟೋ. ಹಸನಬ್ಬನವರು ವ್ಯಾಸಲೀನ್ ಸವರಿದರು. ಸಾಲದು, ಇನ್ನಷ್ಟು ಎಂದರು ಅಮ್ಮ. ಅವರು ಇನ್ನಷ್ಟು ಸವರಿದರು. ಬಂದ ಫೋಟೋದಲ್ಲಿ ಗುಂಡಿ ಇರಲಿಲ್ಲ, ನಿಜ. ಮೂಗೂ ಹೆಚ್ಚು ಇರಲಿಲ್ಲ. ಹಾಲಿನ ಪಾಯಸದಲ್ಲಿ ಎರಡು ದ್ರಾಕ್ಷಿ ತೇಲಿದ ಹಾಗೆ ಕಣ್ಣು.

ಆ ಪಾಯಸವನ್ನು ಮೆಚ್ಚಿ ಕಲ್ಲುಗುಂಡಿ ಕಡೆಯಿಂದ ಒಂದು ಕುಟುಂಬ ಬಂತು. ನಾನು ಕಾಫಿಯ ತಟ್ಟೆ ಕೆಳಗಿಟ್ಟು, ಸಿಸ್ಟರ್ ಕಲಿಸಿದ ಪೋಸ್ಚರಿನಲ್ಲಿ ನೆಟ್ಟಗೆ ನಿಂತೆ. ಹುಡುಗನ ತಾಯಿ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಮತ್ತೆ ಅಮ್ಮನಿಗೆ ಹೇಳಿದರು:

“ಇನ್ನು ಹುಡುಗಿಯನ್ನು ಕರೀರಿ.”

“ಇವಳೇ ಹುಡುಗಿ,” ಎಂದರು ಅಮ್ಮ. ಕಾಫಿ ಮಾತ್ರ ಎಲ್ಲರೂ ಕುಡಿದರು. ವಾರದೊಳಗೆ ಫೋಟೋ ವಾಪಸು ಬಂತು. ಈಗ ನಗು ಬರುತ್ತದೆ. ಆಗ ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಗುಂಡಿ ಇದ್ದದ್ದಕ್ಕೆ ಬೇಸರವಲ್ಲ. ನಾನು ಎದುರಿಗೇ ನಿಂತಿದ್ದರೂ ನನ್ನನ್ನೇ ಹುಡುಕಿದರಲ್ಲ, ಅದಕ್ಕೆ. ಇನ್ನೊಮ್ಮೆ ಅಂಥ ಫೋಟೋ ಕಳಿಸಿ ಯಾರ ಮನೆಯವರ ಎದುರೂ ನಿಲ್ಲಲಾರೆ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಎರಡನೆಯ ಸಲ ವ್ಯಾಸಲೀನ್ ಬೇಡವೆಂದು ಹಟ ಹಿಡಿದೆ. ಇಬ್ಬರೂ ಆಯಿತು ಎಂದರು. ಆದರೆ ಅಮ್ಮ ನನಗೆ ತಿಳಿಯದ ಹಾಗೆ ಹಸನಬ್ಬನವರ ಹತ್ತಿರ ಹೋಗಿ, ಪ್ರಿಂಟ್ ಹಾಕುವಾಗಲಾದರೂ ಏನಾದರೂ ಮಾಡಿ ಎಂದು ಬೇಡಿಕೊಂಡರಂತೆ. ಅವರು ಪ್ರಿಂಟ್ ಹಾಕುವ ಬೆಳಕಿಗೆ ಬಟ್ಟೆ ಅಡ್ಡ ಹಿಡಿದರು. ತಲೆಗೂದಲಿನ ಕಪ್ಪೆಲ್ಲ ಹಣೆಗೆ ಇಳಿಯಿತು, ಹುಬ್ಬಿನದು ಕೆನ್ನೆಗೆ.

“ಇದೆಂತ ಹಸನಬ್ಬ, ಒಲೆ ಊದಿ ಎದ್ದು ಬಂದ ಹಾಗುಂಟಲ್ಲ,” ಎಂದರು ಅಮ್ಮ.

“ತಪ್ಪು ನನ್ನದೇ ಅಮ್ಮ. ತೆಗೆಯುವಾಗ ಬಟ್ಟೆ ಹಿಡಿದ್ರೆ ಬೆಳಕು ಕಪ್ಪಿನ ಮೇಲೆ ಹರಡ್ತದೆ. ಪ್ರಿಂಟಿನಲ್ಲಿ ಹಿಡಿದ್ರೆ ಕಪ್ಪು ಬೆಳಕಿನ ಮೇಲೆ ಹರಡ್ತದೆ. ಗೊತ್ತಿದ್ದೂ ಮಾಡಿದೆ, ನೀವು ಅಷ್ಟು ಹೇಳಿದ್ರಲ್ಲ.”

ಹೀಗೆ ಅಮ್ಮನ ಗುಟ್ಟು ಹೊರಬಿತ್ತು. ನಾನು ಸಿಟ್ಟಿನಲ್ಲಿ, ಬಟ್ಟೆಯೇ ಬೇಕಿದ್ದರೆ ನಾನೇ ಆರಿಸುತ್ತೇನೆ ಎಂದೆ. ಬಟ್ಟೆಯ ವಿಷಯದಲ್ಲಿ ನಾನು ಕಾನ್ವೆಂಟಿನ ಪ್ರೈಜ್ ಗರ್ಲ್, ಮರೆಯಬೇಡಿ.

ಮುಂದಿನ ಶನಿವಾರ ನನ್ನ ಕಸೂತಿ ರಿಂಗನ್ನೂ ಚೀಲದ ತುಂಬ ತುಂಡುಬಟ್ಟೆಗಳನ್ನೂ ಒಯ್ದೆ. ಹಸನಬ್ಬನವರು ಅಮ್ಮನನ್ನು ಮೆಟ್ಟಿಲಿನ ಬುಡದಲ್ಲಿ ಕೂರಿಸಿ, ನನ್ನನ್ನು ಕ್ಯಾಮರಾದ ಹಿಂದಿನ ಕಪ್ಪು ಮುಸುಕಿನೊಳಗೆ ಕಳಿಸಿದರು. ಬಿಂಬ ಬೀಳುವ ಗಾಜಿನ ಮೇಲೆ ಅಮ್ಮ ತಲೆಕೆಳಗಾಗಿ ಕುಳಿತಿದ್ದರು. ಹಸನಬ್ಬನವರು ಹೊರಗಿನಿಂದ ಒಂದೊಂದೇ ಬಟ್ಟೆಯನ್ನು ರಿಂಗಿಗೆ ಬಿಗಿದು ಲೆನ್ಸಿನ ಎದುರು ಹಿಡಿದರು. ಸೊಳ್ಳೆಪರದೆಯ ಬಿಳಿ ತುಂಡು ಹಿಡಿದಾಗ ಅಮ್ಮ ಮಂಜಿನೊಳಗೆ ಹೋದರು. ಕಪ್ಪು ನೆಟ್ ಹಿಡಿದಾಗ ಕಪ್ಪು ಕಪ್ಪಾಗಿಯೇ ಉಳಿದು ಮುಖ ಮಾತ್ರ ಮೃದುವಾಯಿತು. ನೆಟ್ಟಿನ ಕಣ್ಣು, ಅಂದರೆ ತೂತು, ಸಣ್ಣದಿದ್ದಷ್ಟೂ ಮಸುಕು ಹೆಚ್ಚು. ಲೆನ್ಸಿನ ಬಾಯಿ ಕಿರಿದು ಮಾಡಿದರೆ ನೂಲೇ ಮುಖದ ಮೇಲೆ ಮೂಡುತ್ತದೆ, ಪೂರಾ ತೆರೆದಿಡಬೇಕು. ಇದನ್ನೆಲ್ಲ ಅವರು ಹೇಳುತ್ತ ಹೋದರು. ನನಗೆ ಪಾಠ ಕೇಳುವ ಹುಕಿ. ಬಂದ ಕೆಲಸವೇ ಮರೆತುಹೋಯಿತು.

ಮತ್ತೆ ಅವರು ನೆಟ್ಟನ್ನು ಎರಡು ಪದರ ಮಾಡಿದರು. ಅಮ್ಮನ ಹುಬ್ಬಿನ ನಡುವೆ ಯಾವಾಗಲೂ ಇರುತ್ತಿದ್ದ ಗೆರೆ ಮಾಯವಾಯಿತು. ಚಂದ ಕಂಡರು, ಆದರೆ ಅಮ್ಮ ಆಗಿರಲಿಲ್ಲ. ಒಂದು ಪದರ ತೆಗೆದಾಗ ಗೆರೆ ಮರಳಿ ಬಂತು, ಮೆಲ್ಲಗೆ. ಆ ಗೆರೆ ನನ್ನಿಂದ ಆದದ್ದೆಂದು ಆಗಲೇ ನನಗೆ ಹೊಳೆದದ್ದು. ಮುಸುಕಿನೊಳಗೆ ಸ್ವಲ್ಪ ಹೆಚ್ಚು ಹೊತ್ತು ಇದ್ದೆ.

“ಇದು ಸಾಕು,” ಎಂದೆ ಹೊರಬಂದು. “ಒಂದೇ ಪದರ.”

“ಗುಂಡಿ ಕಾಣ್ತದಾ ಅದರಲ್ಲಿ?” ಎಂದರು ಅಮ್ಮ.

“ನೋಡಿದ್ರೆ ಕಾಣ್ತದೆ ಅಮ್ಮ,” ಎಂದರು ಹಸನಬ್ಬನವರು. “ನೆಟ್ ಕಟ್ಟುದು ಮುಖ ಅಡಗಿಸ್ಲಿಕ್ಕೆ ಅಲ್ಲ. ನೋಡುವವರ ಕಣ್ಣಿಗೆ ಸ್ವಲ್ಪ ಪುರ್ಸೊತ್ತು ಕೊಡ್ಲಿಕ್ಕೆ. ಪುರ್ಸೊತ್ತಿನಲ್ಲಿ ನೋಡಿದ್ರೆ ಟೀಚರನ್ನು ಯಾರು ಬೇಡ ಹೇಳ್ತಾರೆ?”

ಅಮ್ಮ ಎದ್ದು ಬಂದು ನನ್ನ ಸೆರಗು ಸರಿಮಾಡಿದರು.

ಹಾಗೆ ಒಂದೇ ಪದರದಲ್ಲಿ ತೆಗೆದ ನನ್ನ ಫೋಟೋ ಹೋದದ್ದು ಗುತ್ತಿಗಾರಿಗೆ. ವರನಾಗಿ ನೋಡಲು ಬಂದವರು ಅದನ್ನು ಶರ್ಟಿನ ಕಿಸೆಯಲ್ಲಿಟ್ಟುಕೊಂಡೇ ಬಂದಿದ್ದರು. ಎಂತಾದರೂ ಕೇಳುವುದಿದ್ದರೆ ಕೇಳು ಎಂದು ಹಿರಿಯರು ಹೇಳಿದಾಗ ಅವರು ಫೋಟೋ ಹೊರತೆಗೆದು ನನ್ನನ್ನೇ ಕೇಳಿದರು:

“ಇದನ್ನು ತೆಗೆದದ್ದು ಯಾರು? ನನ್ನ ಅಕ್ಕನಿಗೂ ಮುಖದಲ್ಲಿ ಗುಂಡಿ ಉಂಟು. ಫೋಟೋ ಅಂದ್ರೆ ಅಟ್ಟ ಹತ್ತಿ ಕೂತುಕೊಳ್ತಾಳೆ. ಅವಳನ್ನೂ ಹೀಗೇ ತೆಗೀಲಿಕ್ಕೆ ಆಗ್ತದಾ?”

ಅಮ್ಮನ ಮುಖ ನೋಡಬೇಕಿತ್ತು. ನನ್ನ ಗುಂಡಿಯ ಬಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು, ಮಳೆ ಬಿಸಿಲಿನ ಮಾತಾಡಿದ ಹಾಗೆ. ನಾನು ತಲೆ ತಗ್ಗಿಸಿ ಹೌದು ಎಂದಿದ್ದರೆ ಸಾಕಿತ್ತು. ಬಿಳಿ ನೆಟ್, ಕಪ್ಪು ನೆಟ್, ಒಂದು ಪದರ, ಎರಡು ಪದರ ಎಂದು ಪೂರ್ತಿ ಒಂದು ಕ್ಲಾಸ್ ತೆಗೆದುಕೊಂಡೆ. ಅವರು ಅಷ್ಟನ್ನೂ ಕೇಳಿಸಿಕೊಂಡರು. ನಲವತ್ತೆಂಟು ವರ್ಷ ಹಾಗೇ ಕೇಳಿಸಿಕೊಂಡರು, ಪುಣ್ಯಾತ್ಮರು.

ಮದುವೆಯಾದ ಮೊದಲ ತಿಂಗಳೇ ಅತ್ತಿಗೆಯನ್ನು ಅಟ್ಟದಿಂದ ಇಳಿಸಿ ಪುತ್ತೂರಿಗೆ ಕರೆತಂದೆವು. ಅದೇ ರಿಂಗ್, ಅದೇ ನೆಟ್. ಅತ್ತಿಗೆ ತೀರಿಹೋಗಿ ಎಷ್ಟೋ ಕಾಲವಾಯಿತು. ಅವರ ಒಂದೇ ಒಂದು ಫೋಟೋ ಈಗಲೂ ಗುತ್ತಿಗಾರಿನ ಗೋಡೆಯಲ್ಲಿದೆ. ಬಂದವರು ಅದರ ಎದುರು ಒಂದು ಗಳಿಗೆ ನಿಲ್ಲುತ್ತಾರೆ. ಗುಂಡಿ ಅವರಿಗೆ ಕಂಡೇ ಕಾಣುತ್ತದೆ, ಆದರೆ ಅಷ್ಟರಲ್ಲಿ ಅತ್ತಿಗೆಯ ನಗು ಕಂಡಾಗಿರುತ್ತದೆ.

“ಅಜ್ಜಿ, ಗಾಜಿನ ಮೇಲೆ ನಿಮ್ಮ ಬೆರಳಚ್ಚು ಆಯ್ತು,” ಎಂದಳು ಶ್ರಾವ್ಯ.

ನಾನು ಅದನ್ನು ಸೆರಗಿನಿಂದ ಒರೆಸಹೋದೆ. ಅವಳು ಗಾಬರಿಯಾಗಿ ಕಸಿದುಕೊಂಡು ತನ್ನ ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಈ ಮುಖ ಗೋಡೆ ಹತ್ತಿದ ಮೇಲೆ ಅದನ್ನು ನೋಡುವವರು ಇವಳು, ಇವಳ ತಮ್ಮಂದಿರು. ಯಾವಾಗಲೂ ಅವಸರದಲ್ಲಿರುವ ಮಕ್ಕಳು.

“ಆ ಮೊದಲಿನದ್ದು ಹಾಕು,” ಎಂದೆ. “ಎಲ್ಲಕ್ಕಿಂತ ತೆಳುವಿನದ್ದು.”

ಅವಳು ಹಾಕಿ, ಕ್ಲಿಕ್ ಮಾಡಿ, ಕ್ಯಾಮರಾದ ಹಿಂದೆ ಬಗ್ಗಿ ನೋಡಿದಳು.

“ಕೆನ್ನೆಯ ಗುಂಡಿ ಕಾಣ್ತದಾ?”

“ನೋಡಿದ್ರೆ ಕಾಣ್ತದೆ ಅಜ್ಜಿ. ಎಡಿಟ್ ಮಾಡಿ ತೆಗೀಬೇಕಾ?”

“ಬೇಡ ಮಗ,” ಎಂದೆ. “ಅಲ್ಲೇ ಇರ್ಲಿ.”