ಎರಡು ಸಲ ತಟ್ಟುವ ಕೈ

ಸೇನೆಯ ಲಾರಿ ವಿಭಾಗದಲ್ಲಿ ಎಲ್ಲರೂ ಅವಳನ್ನು ಪುಟ್ಟಗೈ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಜಾರಿರಲಿಲ್ಲ, ಏಕೆಂದರೆ ಮಾತು ನಿಜ. ಆಳೆತ್ತರದ ಚಕ್ರಗಳ ಲಾರಿಯನ್ನು ಗೋದಾಮಿನ ಇಕ್ಕಟ್ಟು ಬಾಗಿಲಿಗೆ ಒಂದೇ ಏಟಿಗೆ ಹಿಮ್ಮುಖವಾಗಿ ತಂದು ನಿಲ್ಲಿಸುತ್ತಿದ್ದ ಆ ಹೆಂಗಸು, ಕೈಗವಸು ಬೇಕಾದಾಗ ಮಾತ್ರ ಮಗಳ ಕಪಾಟು ತಡಕಾಡಬೇಕಿತ್ತು. ಸ್ಟಿಯರಿಂಗ್ ಹಿಡಿಯಲು ಆ ಕೈ ಧಾರಾಳ ಸಾಕು. ತಕರಾರು ಇದ್ದದ್ದು ಪಿಸ್ತೂಲಿನ ಜೊತೆಗೆ.

ಮದ್ದುಗುಂಡು ಸಾಗಿಸುವ ಲಾರಿಯ ಚಾಲಕರ ಸೊಂಟದಲ್ಲಿ ಪಿಸ್ತೂಲು ಇರಲೇಬೇಕು. ಇದ್ದರಷ್ಟೇ ಸಾಲದು, ವರ್ಷಕ್ಕೊಮ್ಮೆ ಗುರಿ ಪರೀಕ್ಷೆಯಲ್ಲಿ ಪಾಸಾಗಬೇಕು. ಹಳೆಯ ಪಿಸ್ತೂಲನ್ನು ಯಾವ ಘಟೋತ್ಕಚನ ಅಳತೆ ತೆಗೆದು ಮಾಡಿದ್ದರೋ, ಅವಳ ಅಂಗೈಯಲ್ಲಿ ಅದು ಕೂರುತ್ತಲೇ ಇರಲಿಲ್ಲ. ಟ್ರಿಗರ್ ಎಳೆಯಲು ಬೆರಳು ಚಾಚಿದರೆ ಹಿಡಿತ ಸಡಿಲವಾಗುತ್ತಿತ್ತು, ಹಿಡಿತ ಬಿಗಿ ಮಾಡಿದರೆ ಬೆರಳು ಎಟುಕುತ್ತಿರಲಿಲ್ಲ. ಗುಂಡು ಹಾರುವ ಮೊದಲೇ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹಿಂದಿನ ವರ್ಷ ಕೂದಲೆಳೆಯಲ್ಲಿ ಪಾಸಾಗಿದ್ದಳು, ಅದೂ ಉಸ್ತಾದರ ಕೃಪೆಯಿಂದ.

ಉಸ್ತಾದ್ ಎಂದರೆ ಗುರಿ ಹೊಡೆಯುವುದನ್ನು ಕಲಿಸುವ ಹಳೆಯ ಹವಾಲ್ದಾರ. ಸೇನಾ ಛಾವಣಿಯ ಅರ್ಧ ಜನಕ್ಕೆ ಪಿಸ್ತೂಲು ಹಿಡಿಯಲು ಕಲಿಸಿದವರು ಅವರೇ.

"ಈ ಸಲ ಫೇಲಾದ್ರೆ ನಾನೇನೂ ಮಾಡಕ್ಕಾಗಲ್ಲಮ್ಮ," ಎಂದು ಮೊದಲೇ ಹೇಳಿಬಿಟ್ಟಿದ್ದರು. "ಲಾರಿ ಕೀ ವಾಪಸ್ ತಗೋತಾರೆ. ಆಮೇಲೆ ನೀನು ಉಗ್ರಾಣದಲ್ಲಿ ಕೂತು ಕಂಬಳಿ ಮಡಚ್ತಾ ಇರಬೇಕಾಗುತ್ತೆ."

ಕಂಬಳಿ ಮಡಚುವುದು ಕೆಟ್ಟ ಕೆಲಸವೆಂದಲ್ಲ. ಆದರೆ ಎತ್ತರದ ಸೀಟಿನಲ್ಲಿ ಕೂತು, ಕಿಟಕಿಗೆ ಮೊಣಕೈ ಊರಿ, ಬೆಳಗಿನ ರಸ್ತೆಯನ್ನು ನುಂಗುತ್ತ ಹೋಗುವ ಸುಖ ಉಂಡವಳಿಗೆ ಅದು ಹೇಗೆ ರುಚಿಸೀತು? ಲಾರಿ ಬಿಟ್ಟು ಅವಳು ಬದುಕನ್ನೇ ಊಹಿಸಿಕೊಂಡಿರಲಿಲ್ಲ.

ಹೀಗಿರುವಾಗ ಸೇನೆಗೆ ಹೊಸ ಪಿಸ್ತೂಲು ಆರಿಸುವ ಸಮಿತಿ ಬಂತು. ಮೂರು ಕಂಪನಿಗಳ ಮೂರು ಮಾದರಿಗಳು. ಯಾರ ಮೇಲೂ ಮಮಕಾರ ಹುಟ್ಟಬಾರದೆಂದು ಹೆಸರುಗಳ ಮೇಲೆ ಕೆಂಪು, ಹಳದಿ, ನೀಲಿ ಟೇಪು ಅಂಟಿಸಿದ್ದರು. ಸಮಿತಿಯ ಮುಖ್ಯಸ್ಥ ಕರ್ನಲ್ ಸಾಹೇಬರು, ಎಲ್ಲ ಅಳತೆಯ ಕೈಗಳೂ ಪರೀಕ್ಷೆಗೆ ಬೇಕು ಎಂದರು. ಊಟದ ಹಾಲಿನಲ್ಲಿ ಸಾಲು ನಿಲ್ಲಿಸಿ, ಮೇಜಿನ ಮೇಲೆ ಅಂಗೈ ಇಡಿಸಿ, ಸ್ಕೇಲಿನಲ್ಲಿ ಅಳೆದರು. ಎಲ್ಲಕ್ಕಿಂತ ದೊಡ್ಡ ಕೈ ಅಡುಗೆಯವನದು. ಎಲ್ಲಕ್ಕಿಂತ ಚಿಕ್ಕದು ಯಾರದೆಂದು ಹೇಳಬೇಕಾಗಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಕೈ ಚಿಕ್ಕದೆಂದು ಅವಳಿಗೆ ಜಂಬ ಬಂತು.

ಕೆಂಪು ಟೇಪಿನದು ಹಳೆಯದರ ಅಣ್ಣನಂತಿತ್ತು. ಹಳದಿಯದು ಮರಳಲ್ಲಿ ಹೊರಳಿಸಿದರೆ ಮುನಿಸಿಕೊಂಡು ಕೂರುತ್ತಿತ್ತು. ನೀಲಿಯದನ್ನು ಎತ್ತಿಕೊಂಡಾಗ ಮಾತ್ರ ಪುಟ್ಟಗೈಗೆ ನಗು ತಡೆಯಲಾಗಲಿಲ್ಲ. ಬೆರಳು ತಾನಾಗಿ ಟ್ರಿಗರಿಗೆ ತಲುಪಿತ್ತು. ಹೊಡೆದಳು, ಮತ್ತೆ ಹೊಡೆದಳು. ಕಣ್ಣು ತೆರೆದೇ ಇತ್ತು. ಗುರಿಹಲಗೆಯ ನಡುವೆ ತೂತುಗಳು ಗುಂಪು ಕಟ್ಟಿಕೊಂಡಿದ್ದವು.

"ಇದು ನೀನೇ ಹೊಡೆದಿದ್ದಾ?" ಎಂದರು ಉಸ್ತಾದರು.

"ಪಕ್ಕದೋರು ಹೊಡೆದಿದ್ರೆ ಹೇಳ್ತಿದ್ದೆ ಸಾರ್."

ಆದರೆ ನೀಲಿಗೂ ಒಂದು ಪೀಡೆ ಅಂಟಿಕೊಂಡಿತು. ಹಿಡಿಯೊಳಗೆ ಕೂರುವ ಗುಂಡುಗಳ ಡಬ್ಬಿ, ಅಂದರೆ ಮ್ಯಾಗಜಿನ್, ಇದ್ದಕ್ಕಿದ್ದಂತೆ ಕಳಚಿ ನೆಲಕ್ಕೆ ಬೀಳುತ್ತಿತ್ತು. ಅಡುಗೆಯವನ ಕೈಯಿಂದ ಬಿತ್ತು, ಗುಮಾಸ್ತನ ಕೈಯಿಂದ ಬಿತ್ತು, ಎರಡನೆಯ ದಿನ ಪುಟ್ಟಗೈಯ ಕೈಯಿಂದಲೂ ಬಿತ್ತು. ಕರ್ನಲ್ ಸಾಹೇಬರ ಮುಖ ಗಂಟಾಯಿತು.

"ಹೊಡೆದಾಟದ ಮಧ್ಯೆ ಗುಂಡೆಲ್ಲ ಕಾಲಡಿ ಬಿದ್ರೆ ಸಿಪಾಯಿ ಏನು ಮಾಡ್ಬೇಕು, ಪಿಸ್ತೂಲು ಎಸೀಬೇಕಾ? ಕೊನೇ ದಿನದ ಪರೀಕ್ಷೆಲೂ ಹೀಗೇ ಆದ್ರೆ ನೀಲಿ ಕಥೆ ಮುಗೀತು."

ಆ ಸಂಜೆ ಅವಳು ಮುಖ ಊದಿಸಿಕೊಂಡೇ ಮನೆ ಸೇರಿದಳು. ಗಂಡ ದರ್ಜಿ, ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಮಗಳು ಪಾಠ ಓದುತ್ತ ಕೂತಿದ್ದಳು, ಅತ್ತೆ ಒಲೆಯ ಮುಂದಿದ್ದರು. ಪುಟ್ಟಗೈ ಸೌಟು ತೆಗೆದುಕೊಂಡು, ಎಡ ಅಂಗೈಗೆ ಟಪ್ ಟಪ್ ಎಂದು ತಟ್ಟಿ, ಪಾತ್ರೆಯಲ್ಲಿ ಆಡಿಸಿದಳು. ಟಾರ್ಚು ತೆಗೆದುಕೊಂಡಳು, ಟಪ್ ಟಪ್. ತಲೆ ಬಾಚಲು ಬಾಚಣಿಗೆ ಎತ್ತಿದಳು, ಅದಕ್ಕೂ ಟಪ್ ಟಪ್.

"ಅಲ್ಲ ಕಣೆ, ಎರಡೇಟು ಹಾಕದೆ ನೀನು ಯಾವ ಸಾಮಾನನ್ನೂ ಮುಟ್ಟಲ್ವಲ್ಲ," ಎಂದರು ಅತ್ತೆ. "ನನ್ನ ಮಗನ ಪುಣ್ಯ, ಅವನನ್ನ ಬಿಟ್ಟಿದ್ದೀಯ."

"ನನಗೂ ಬಿದ್ದಿದೆ, ಹೇಳ್ಕೊಂಡಿಲ್ಲ ಅಷ್ಟೆ," ಎಂದ ಗಂಡ ಯಂತ್ರ ನಿಲ್ಲಿಸದೆ.

ಬಾಚಣಿಗೆ ಹಿಡಿದ ಕೈ ಹಾಗೆಯೇ ನಿಂತಿತು. ಹಳೆಯ ಪಿಸ್ತೂಲಿನಲ್ಲಿ ಮೇಲಿನ ಗುಂಡು ಸೊಟ್ಟಗೆ ಕೂತು ಸಿಕ್ಕಿಹಾಕಿಕೊಳ್ಳುವ ಕಾಯಿಲೆ ಇತ್ತು. ಅದಕ್ಕೆಂದೇ ಮ್ಯಾಗಜಿನ್ ತುಂಬಿದ ಮೇಲೆ ಪಿಸ್ತೂಲಿನ ಎಡಮಗ್ಗುಲನ್ನು ಅಂಗೈಗೆ ಎರಡು ಸಲ ತಟ್ಟಬೇಕೆಂದು ಉಸ್ತಾದರು ಎಲ್ಲರಿಗೂ ರೂಢಿ ಮಾಡಿಸಿದ್ದರು. ಯಾರಿಗೂ ತಟ್ಟುತ್ತಿದ್ದೇವೆ ಎಂಬ ಅರಿವೇ ಇರಲಿಲ್ಲ, ಕಣ್ಣು ಮಿಟುಕಿಸಿದಷ್ಟು ಸಲೀಸಾಗಿ ತಟ್ಟುತ್ತಿದ್ದರು. ನೀಲಿಯಲ್ಲೋ, ಮ್ಯಾಗಜಿನ್ ಬಿಡಿಸುವ ಗುಂಡಿ ಇದ್ದದ್ದು ಎಡಮಗ್ಗುಲಲ್ಲೇ! ಏಟು ನೇರವಾಗಿ ಬಿದ್ದಾಗಲೆಲ್ಲ ಗುಂಡಿ ಒತ್ತಿಕೊಳ್ಳುತ್ತಿತ್ತು, ಡಬ್ಬಿ ಕಳಚಿಕೊಳ್ಳುತ್ತಿತ್ತು.

"ಅತ್ತೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಎಂದು ಅವಳು ಕೂಗಿದ್ದು ಯಾಕೆಂದು ಆ ಮುದುಕಿಗೆ ತಿಳಿಯಲಿಲ್ಲ.

ಪುಟ್ಟಗೈಗೆ ತಿಳಿಯುವುದೇನೋ ತಿಳಿಯಿತು, ಕೈಗೆ ತಿಳಿಸುವುದು ಹೇಗೆ? ಮನೆಯಲ್ಲಿ ಕಾವಲು ಶುರುವಾಯಿತು. ಅವಳು ಸೌಟು ತಟ್ಟಿದರೆ ಮಗಳು "ಔಟ್!" ಎಂದು ಕಿರುಚುವಳು. ಚಮಚ ತಟ್ಟಿದರೆ ಅತ್ತೆ ಕೆಮ್ಮುವರು. ಅಷ್ಟಕ್ಕೂ ಬಗ್ಗದಿದ್ದಾಗ ಗಂಡ ತನ್ನ ಅಂಗುಸ್ತಾನವನ್ನು, ಅಂದರೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿಯನ್ನು, ಅವಳ ಎಡಗೈಗೆ ತೊಡಿಸಿದ. "ತಟ್ಟಕ್ಕೆ ಹೋದ್ರೆ ಇದು ಕಣ್ಣಿಗೆ ಬೀಳುತ್ತೆ. ನನ್ನ ನೆನಪಾಗುತ್ತೆ. ಕೈ ನಿಲ್ಲುತ್ತೆ," ಎಂದ. ನಿಂತದ್ದು ಗಂಡನ ನೆನಪಿನಿಂದಲೋ ಲೋಹದಿಂದಲೋ, ಅಂತೂ ನಿಂತಿತು.

ಕೊನೆಯ ದಿನ ಅವಳು ಅಂಗುಸ್ತಾನ ಹಾಕಿಕೊಂಡೇ ನೀಲಿಯನ್ನು ಎತ್ತಿಕೊಂಡಳು. ಎಡ ಅಂಗೈ ಆಸೆಯಿಂದ ಮೇಲೆದ್ದಿತು, ಟೋಪಿ ಮಿನುಗಿತು, ಅಂಗೈ ಹಿಂದೆ ಸರಿಯಿತು. ಎಷ್ಟು ಹೊಡೆದರೂ ಮ್ಯಾಗಜಿನ್ ಬೀಳಲಿಲ್ಲ. ಕರ್ನಲ್ ಹತ್ತಿರ ಬಂದು ಏನು ಮಾಡಿದೆ ಎಂದು ಕೇಳಿದರು. ಅವಳು ಹೇಳಿದಳು.

"ತಟ್ಟೋದಾ?" ಉಸ್ತಾದರಿಗೆ ಸಿಟ್ಟೇ ಬಂತು. "ಹೊಸ ಪಿಸ್ತೂಲನ್ನ ಯಾರು ತಟ್ತಾರೆ? ನಾವೇನು ಅಷ್ಟೂ ಗೊತ್ತಿಲ್ದೋರಾ? ಕೊಡಿಲ್ಲಿ." ಪಿಸ್ತೂಲು ಕಸಿದುಕೊಂಡು, ಮ್ಯಾಗಜಿನ್ ತುಂಬಿ, ಮಾತು ಮುಂದುವರಿಸುತ್ತಲೇ ಟಪ್ ಟಪ್ ಎನಿಸಿದರು. ಡಬ್ಬಿ ನೇರವಾಗಿ ಅವರ ಬೂಟಿನ ಮೇಲೆ ಬಿತ್ತು.

ಕರ್ನಲ್ ಸಾಹೇಬರೇ ಮೊದಲು ನಕ್ಕರು. ಆಮೇಲೆ ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಸ್ತಾದರು ಬಗ್ಗಿ ಡಬ್ಬಿ ಎತ್ತಿಕೊಂಡು, "ಚೆನ್ನಾಗೇ ಕಲಿಸಿದ್ದೀನಿ ಹಾಗಾದ್ರೆ," ಎಂದರು.

ಇಡೀ ಸೇನೆಯ ಕೈ ತಿದ್ದುವುದಕ್ಕಿಂತ ಗುಂಡಿಯ ಸುತ್ತ ಒಂದು ಏರು ಅಂಚು ಕೂರಿಸುವುದು ಸುಲಭ ಎಂದು ಕರ್ನಲ್ ಕಂಪನಿಗೆ ಹೇಳಿ ಕಳಿಸಿದರು. ನೀಲಿ ಆಯ್ಕೆಯಾಯಿತು. ಛಾವಣಿಯಲ್ಲಿ ಎಲ್ಲರೂ ಪುಟ್ಟಗೈಯ ಬೆನ್ನು ತಟ್ಟಿದರು. ಅವಳಿಗೆ ಮಾತ್ರ ನಗುವಿನ ಒಳಗೇ ದಿಗಿಲು. ಹೊಸ ಪಿಸ್ತೂಲು ಕೈಗೆ ಬರುವುದು ಮುಂದಿನ ವರ್ಷ. ಅವಳ ಪರೀಕ್ಷೆ ಮುಂದಿನ ವಾರ. ಅದೂ ಹಳೆಯ ಘಟೋತ್ಕಚನಲ್ಲಿ.

ಪರೀಕ್ಷೆಯ ಬೆಳಿಗ್ಗೆ ಉಸ್ತಾದರು ಅವಳ ಹಿಂದೆ ಕಲ್ಲುಗಂಬದ ಹಾಗೆ ನಿಂತರು. ಗುರಿ ಹೊಡೆಯುವಾಗ ಕಲಿಸುವವರು ತುಟಿ ಬಿಚ್ಚಬಾರದು, ಬಿಚ್ಚಿದರೆ ಪರೀಕ್ಷೆ ರದ್ದು. ಅವಳು ಮ್ಯಾಗಜಿನ್ ತುಂಬಿದಳು, ಗುರಿ ಹಿಡಿದಳು. ನೀಲಿಯ ಜೊತೆ ಕಳೆದ ದಿನಗಳ ಗುಣವೋ ಏನೋ, ಕಣ್ಣು ಮುಚ್ಚಲಿಲ್ಲ. ಟ್ರಿಗರ್ ಎಳೆದಳು.

ಗುಂಡು ಹಾರಲಿಲ್ಲ.

ಮತ್ತೆ ಎಳೆದಳು. ಅಲುಗಲಿಲ್ಲ. ಸಮಯ ಓಡುತ್ತಿತ್ತು. ಕಣ್ಣ ಮುಂದೆ ಕಂಬಳಿಗಳ ರಾಶಿ ಬೆಳೆಯತೊಡಗಿತು. ಏನಾಗಿದೆಯೆಂದು ತಲೆಗೆ ಹೊಳೆಯುತ್ತಲೇ ಇರಲಿಲ್ಲ, ಮಂಜು ಕವಿದಂತಾಗಿತ್ತು.

ಆಗ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಉಸ್ತಾದರು ತುಟಿ ಬಿಚ್ಚಿರಲಿಲ್ಲ. ಮೀಸೆಯೂ ಅಲುಗಿರಲಿಲ್ಲ. ಅವರ ಬಲಗೈ ಮಾತ್ರ ಅವರ ತೊಡೆಯ ಮೇಲೆ ಟಪ್ ಟಪ್ ಎಂದಿತ್ತು.

ಅಯ್ಯೋ, ತಟ್ಟೇ ಇಲ್ಲ! ಮಗಳ "ಔಟ್", ಅತ್ತೆಯ ಕೆಮ್ಮು, ಗಂಡನ ಟೋಪಿ, ಎಲ್ಲ ಸೇರಿ ತಿದ್ದಿದ ಕೈ ತಟ್ಟುವುದನ್ನೇ ಮರೆತುಬಿಟ್ಟಿತ್ತು. ಅವಳಿಗೆ ನಗು ಉಕ್ಕಿತು, ನಗುವಿನ ಜೊತೆ ಕಣ್ಣೂ ತುಂಬಿತು. ಎರಡೇಟು ಹಾಕಿದಳು. ಸೊಟ್ಟ ಗುಂಡು ನೆಟ್ಟಗಾಯಿತು. ನಗುತ್ತಲೇ ಹೊಡೆದಳು, ಡಬ್ಬಿ ಬರಿದಾಗುವವರೆಗೂ ಹೊಡೆದಳು.

"ಪಾಸು," ಎಂದರು ಉಸ್ತಾದರು, ಗುರಿಹಲಗೆ ನೋಡಿ ಬಂದು. "ಈ ಸಲ ನನ್ನ ಕೃಪೆ ಏನಿಲ್ಲ."

"ಏನೂ ಇಲ್ವಾ ಸಾರ್?"

"ತೊಡೆ ಮೇಲೆ ಸೊಳ್ಳೆ ಕೂತಿತ್ತು," ಎಂದು ಅವರು ಮುಖ ತಿರುಗಿಸಿಕೊಂಡರು.

ಅವಳು ಲಾರಿ ಹತ್ತಿ ಬಾಗಿಲು ಎಳೆದುಕೊಂಡಳು. ಕೀ ತೆಗೆದು ಅಂಗೈಗೆ ಎರಡು ಸಲ ತಟ್ಟಿದಳು. ಔಟ್ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಗಾಡಿ ಶುರುವಾಯಿತು.