ಅಪ್ಪ ವಸ್ತಿ ಗಾಡಿಯ ಮೇಲಿದ್ದ ವಾರ

ಅಥವಾ ಆ ಶಾಲೆಯ ಗೋಡೆಗೆ ನಾವು ಬಣ್ಣ ಹಚ್ಚಿಯೇ ಇರಲಿಲ್ಲವೇನೋ. ಹಳದಿ ಬಣ್ಣ, ನೀರು ಹೆಚ್ಚಾಗಿ ಕೆಳಗಿಳಿದ ಗೆರೆಗಳು, ನನ್ನ ಮೊಣಕೈಯಲ್ಲಿ ಒಣಗಿದ ಕಲೆ, ಎಲ್ಲ ನನಗೆ ಈಗಲೂ ಕಾಣುತ್ತವೆ. ಆದರೆ ಆ ಶಿಬಿರಕ್ಕೆ ನನ್ನ ಜೊತೆ ಬಂದಿದ್ದ ಗೆಳತಿ ಬೇರೆ ಹೇಳುತ್ತಾಳೆ. ಬಣ್ಣ ಹಚ್ಚಿದ್ದು ಮರುವರ್ಷ, ಬೇರೆ ಊರಿನ ಶಾಲೆಗೆ. ಆ ವರ್ಷ ನಾವು ಗಟಾರ ಮಾತ್ರ ತೆಗೆದೆವು ಎನ್ನುತ್ತಾಳೆ. ಆಕೆಯ ನೆನಪೇ ಸರಿ ಎನ್ನಲು ನನಗೆ ಆಧಾರವಿಲ್ಲ. ನನ್ನದು ಸರಿ ಎನ್ನಲೂ ಇಲ್ಲ.

ಹಾಗಾಗಿ ಇಬ್ಬರೂ ಒಪ್ಪುವುದನ್ನು ಮೊದಲು ಬರೆಯುತ್ತೇನೆ. ನಾವು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೆವು. ಚಳಿಗಾಲದಲ್ಲಿ ಒಂದು ವಾರ ನಮ್ಮನ್ನು ಇಂಡಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೇವಾ ಶಿಬಿರಕ್ಕೆ ಕರೆದುಕೊಂಡು ಹೋದರು. ಅದಕ್ಕೆ ಸ್ವಲ್ಪ ಮೊದಲು, ದೀಪಾವಳಿ ಕಳೆದ ಮೇಲೆ, ನನ್ನ ಅಪ್ಪ ತೀರಿಕೊಂಡಿದ್ದ. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚಲು ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಇದರಲ್ಲಿ ಅನುಮಾನವಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ಬರುವ ಹೆಂಗಸರು ಸುಮ್ಮನೆ ಬಂದು ಕೂರುವುದಿಲ್ಲ. ಬಾಗಿಲಲ್ಲೇ ದನಿ ತೆಗೆಯುತ್ತಾರೆ. ಮನೆಯ ಹೆಣ್ಣುಮಕ್ಕಳ ಕೊರಳಿಗೆ ಬಿದ್ದು, ಹೋದವನ ಗುಣಗಳನ್ನು ಒಂದೊಂದಾಗಿ ಆಡಿಕೊಂಡು ಅಳುತ್ತಾರೆ. ಮನೆಯವರೂ ಜೊತೆಗೆ ಅಳಬೇಕು. ಅತ್ತು, ಮುಖ ತೊಳೆದು, ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಊರಿನವರು ಬಂದಿರುತ್ತಾರೆ. ಮತ್ತೆ ಮೊದಲಿನಿಂದ. ಅವ್ವ ಪ್ರತಿ ಸಲವೂ ಅತ್ತಳು. ನನಗೆ ಅಳು ಬರಲಿಲ್ಲ. ಬಂದವರ ಹೆಗಲ ಮೇಲೆ ಗದ್ದ ಇಟ್ಟುಕೊಂಡು, ಅವರ ಬೆನ್ನ ಹಿಂದೆ ಗೋಡೆಯ ಸ್ವಿಚ್ಚು ನೋಡುತ್ತ ನಿಂತಿರುತ್ತಿದ್ದೆ.

“ಅತ್ತಬಿಡ ನನ್ನವ್ವಾ, ಎದಿ ಹಗರ ಆಕೈತಿ,” ಎಂದು ಸೋದರತ್ತೆ ಬೆನ್ನಿಗೆ ಗುದ್ದಿದಳು.

ಗುದ್ದಿದರೂ ಬರಲಿಲ್ಲ. ಒಳಗೆ ಚಹಾ ಸೋಸುತ್ತಿದ್ದವರಲ್ಲಿ ಯಾರೋ ಅಂದರು: “ಕಂಡಕ್ಟರನ ಮಗಳಲ್ಲೇನ? ಚಿಲ್ರಿ ಅಷ್ಟು ಸರಳ ಬಿಡಂಗಿಲ್ಲ ಬಿಡು.” ಒಂದಿಬ್ಬರು ನಕ್ಕು, ನಕ್ಕಿದ್ದು ತಪ್ಪಾಯಿತೆಂದು ಮತ್ತೆ ಅತ್ತರು. ನನಗೆ ಸಿಟ್ಟೂ ಬರಲಿಲ್ಲ. ಊರಲ್ಲಿ ಮಾತು ಹಬ್ಬಿತು. ಹುಡುಗಿ ಕಲ್ಲಾಗ್ಯಾಳ ಅಂದರು ಕೆಲವರು. ಮೊದಲಿಂದಲೂ ಕಲ್ಲೇ ಅಂದರು ಇನ್ನು ಕೆಲವರು.

ಶಿಬಿರಕ್ಕೆ ನನ್ನನ್ನು ಕಳಿಸಲು ಕೇಳಿದ್ದು ನಮ್ಮ ಕನ್ನಡ ಸರ್. ಮನೆಗೇ ಬಂದು, ಅಪ್ಪ ಕೂತಿದ್ದ ಅದೇ ಕಟ್ಟೆಯ ಮೇಲೆ ಗೊತ್ತಿಲ್ಲದೆ ಕೂತರು.

“ಒಂದ ವಾರ ಕಳಸ್ರಿ ಅಕ್ಕಾರ. ಜಾಗಾ ಬದಲಾದ್ರ ಹುಡುಗಿಗೆ ಚಲೋ.”

“ಹೋಗ್ಲಿ ತೊಗೊರ್ರಿ ಸರ್,” ಅಂದಳು ಅವ್ವ. “ಬರವರು ಮುಗ್ಯಾಂಗಿಲ್ಲ ಇನ್ನ. ಆಕಿನ್ನ ನೋಡಿ ಮಂದಿ ಒಂದೊಂದು ಅಂತಾರ.”

ಹಳ್ಳಿಯಲ್ಲಿ ನಮ್ಮ ಬಿಡಾರ ಶಾಲೆಯ ಕೋಣೆಗಳಲ್ಲಿ. ಮಧ್ಯಾಹ್ನ ಶಿಬಿರದ ಅಡುಗೆ. ಸಂಜೆಯ ಊಟ ಮಾತ್ರ ಊರವರ ಮನೆಗಳಲ್ಲಿ, ಇಬ್ಬಿಬ್ಬರಿಗೆ ಒಂದು ಮನೆ. ನನಗೂ ಗೆಳತಿಗೂ ಸಿಕ್ಕಿದ್ದು ನಿಂಬೆ ತೋಟದವರ ಮನೆ. ಒಬ್ಬ ಮುದುಕಿ, ಊರೆಲ್ಲ ಆಯಿ ಅಂತಿತ್ತು, ಆಕೆಯ ಸೊಸೆ, ತೋಟದಿಂದ ತಡವಾಗಿ ಬರುವ ಮಗ. ಅಂಗಳದ ತುಂಬ ಚೀಲಗಳು, ಬೇರೆ ಮಾಡಿ ಸುರಿದ ಹಣ್ಣಿನ ರಾಶಿಗಳು. ಊಟಕ್ಕೆ ಕೂತ ಮೊದಲ ಸಂಜೆ ರೊಟ್ಟಿ ಹಾಕುವ ಮೊದಲೇ ಆಯಿ ಕೇಳಿದಳು.

“ಯಾವೂರವಾ ನಿಮ್ಮದು?”

“ಮುದ್ದೇಬಿಹಾಳ್ರಿ.”

“ಯಾರ ಪೈಕಿ?”

ಇದು ಹೊತ್ತು ಕಳೆಯುವ ಪ್ರಶ್ನೆಯಲ್ಲ. ನಮ್ಮ ಭಾಗದಲ್ಲಿ ಗುರುತಿಲ್ಲದ ಇಬ್ಬರು ಕೂತರೆ ಈ ಪ್ರಶ್ನೆಯಿಂದ ಶುರುಮಾಡಿ, ಇಬ್ಬರಿಗೂ ಗೊತ್ತಿರುವ ಒಬ್ಬ ಸಂಬಂಧಿ ಸಿಗುವವರೆಗೆ ಬಿಡುವುದಿಲ್ಲ. ಬಸವನ ಬಾಗೇವಾಡಿಗೆ ಕೊಟ್ಟ ಒಬ್ಬ ಮಗಳು, ಸಿಂದಗಿಯಿಂದ ತಂದ ಒಬ್ಬ ಸೊಸೆ ಸಿಕ್ಕೇ ಸಿಗುತ್ತಾರೆ. ಸಿಕ್ಕ ಕೂಡಲೇ ಹುಟ್ಟು, ಮದುವೆ, ಸಾವಿನ ಸುದ್ದಿ. ನಾನು ನಮ್ಮ ಮನೆತನ ಹೇಳಿದರೆ ಆಯಿ ಹೇಗೋ ಅಪ್ಪನ ಸಾವಿಗೆ ಬಂದು ಮುಟ್ಟುತ್ತಾಳೆ, ಎದ್ದು ಬಂದು ಕೊರಳಿಗೆ ಬೀಳುತ್ತಾಳೆ, ನಾನು ಮತ್ತೆ ಗೋಡೆಯ ಮೇಲೆ ಒಂದು ಸ್ವಿಚ್ಚು ಹುಡುಕಬೇಕಾಗುತ್ತದೆ. ಇಷ್ಟನ್ನೂ ಅಲ್ಲಿ ಯೋಚಿಸಿದೆನೋ, ಆಮೇಲೆ ಸೇರಿಸಿದೆನೋ.

ಗೆಳತಿ ಮೊದಲು ಬಾಯಿ ಹಾಕಿದಳು. “ನಾವು ಸಾಬರ್ರಿ ಆಯಿ. ನಮ್ಮಪ್ಪಂದು ಬಾಂಡೆ ಅಂಗಡಿ ಐತಿ. ನಿಮಗೊಂದು ಹಂಡೆ ಬೇಕಾದ್ರ ಹೇಳ್ರಿ, ರೇಟ್ ಕಮ್ಮಿ ಮಾಡಸ್ತೇನಿ.”

“ಹಂಡೆ ಒಯ್ದು ಏನ್ ಮಾಡ್ಲಿ? ಅದರಾಗ ಹಾಕಾಕ ನಿಮ್ಮಪ್ಪ ನೀರೂ ಕೊಡ್ತಾನೇನು?” ಎಂದು ನಕ್ಕು, ಆಯಿ ನನ್ನ ಕಡೆ ತಿರುಗಿದಳು. “ನಿಮ್ಮಪ್ಪ ಏನ್ ಮಾಡ್ತಾನವಾ?”

“ಕಂಡಕ್ಟರ್ ಅದಾನ್ರಿ.”

“ಈಗ ಎಲ್ಲ್ಯದಾನ?”

“ವಸ್ತಿ ಗಾಡಿ ಮ್ಯಾಲ ಹೋಗ್ಯಾನ್ರಿ. ನಿಡಗುಂದಿ ಕಡೆ.”

ವಸ್ತಿ ಗಾಡಿ ಎಂದರೆ ಸಂಜೆ ಹೊರಟು ಕೊನೆಯ ಹಳ್ಳಿಯಲ್ಲಿ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಮರಳುವ ಬಸ್ಸು. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗುತ್ತಾರೆ. ಅಪ್ಪ ವರ್ಷಗಟ್ಟಲೆ ಆ ಡ್ಯೂಟಿ ಮಾಡಿದ್ದ. ಉತ್ತರ ತಾನಾಗಿ ಬಂತು. ಹೇಳಿದ ಮೇಲೆ ತಪ್ಪು ಅನ್ನಿಸಲಿಲ್ಲ, ಸರಿ ಅನ್ನಿಸಲೂ ಇಲ್ಲ. ಪಲ್ಯ ಹಾಕಿಸಿಕೊಂಡೆ. ಗೆಳತಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಅಪ್ಪನ ಮಣ್ಣಿಗೆ ಆಕೆಯೂ ಬಂದಿದ್ದಳು.

ಶಾಲೆಗೆ ಮರಳುವ ದಾರಿಯಲ್ಲಿ ಆಕೆ ಕೇಳಿದಳು. “ನಾಳಿ ಕೇಳಿದ್ರ?”

“ಗೊತ್ತಿಲ್ಲ.”

“ಅದ ಗಾಡಿ ಮ್ಯಾಲ ಇಡು. ಭಾಳ ಊರು ತಿರಗಸಬ್ಯಾಡ, ಆಮ್ಯಾಲ ನೀನ ಮರೀತಿ.”

ಈ ಮಾತು ತಾನು ಆಡಿಯೇ ಇಲ್ಲ ಎನ್ನುತ್ತಾಳೆ ಈಗ. ಆಡಿದ್ದರೆ ಚೆನ್ನಾಗಿತ್ತು ಎಂದೂ ಹೇಳುತ್ತಾಳೆ.

ಹಗಲು ಗಟಾರದ ಕೆಲಸ. ಸಲಿಕೆ ಹಿಡಿದು ಕಪ್ಪು ರಾಡಿ ಎತ್ತಿ ಬುಟ್ಟಿಗೆ, ಬುಟ್ಟಿ ಕೈಯಿಂದ ಕೈಗೆ, ಕೊನೆಗೆ ಟ್ರ್ಯಾಕ್ಟರಿಗೆ. ಊರಿನವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಬ್ಬ ಮುತ್ಯಾ ನಮ್ಮ ಸರ್ ಅವರನ್ನು ಕೇಳಿದ: “ಅಲ್ರಿ ಮಾಸ್ತರ, ನಮ್ಮ ಗಟಾರ ತಗ್ಯಾಕ ಮುದ್ದೇಬಿಹಾಳದಿಂದ ಬಂದೀರಿ. ಅಲ್ಲಿ ಗಟಾರ ಇಲ್ಲೇನು?”

“ಅದಾವ್ರಿ ಯಜಮಾನ್ರ. ಆದ್ರ ಅಲ್ಲಿ ತಗದ್ರ ಯಾರೂ ಚಹಾ ಕೊಡಂಗಿಲ್ಲ.”

ಚಹಾ ಬಂತು. ಮುತ್ಯಾ ಒಂದಿಷ್ಟು ಹೊತ್ತು ಸಲಿಕೆಯನ್ನೂ ಹಿಡಿದ. ಇದು ನನ್ನ ಕಣ್ಣೆದುರಿನದು, ಅಥವಾ ಸರ್ ಪ್ರತಿ ವರ್ಷ ಹೇಳುತ್ತಿದ್ದ ಕಥೆ ನನ್ನ ಕಣ್ಣಲ್ಲಿ ಕೂತದ್ದು. ನನ್ನ ಕೈ ಮಾತ್ರ ಖಚಿತ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಒಡೆದಾಗ ನೋವಾಗಲಿಲ್ಲ, ಸಂಜೆ ಆಯಿಯ ಮನೆಯ ಚಟ್ನಿ ತಾಗಿದಾಗ ಆಯಿತು.

ಪ್ರತಿ ಸಂಜೆ ಆಯಿ ಅಪ್ಪನ ಸುದ್ದಿ ಕೇಳಿದಳು. “ಬಂದನೇನು ನಿಮ್ಮಪ್ಪ?” “ಉಂಡನೇನು?” ನಾನು ಉತ್ತರ ಕೊಟ್ಟೆ. ಬಂದಾನ್ರಿ, ಮತ್ತ ಹೋಗ್ಯಾನ್ರಿ. ಗಂಟಲು ಕಟ್ಟೈತಿ ಅಂದ. ಆ ಊರಾಗ ಬಸ್ಸಿನ ಸೀಟಿನ ಮ್ಯಾಲ ಮಲಗ್ತಾನ, ಕಿಡಕಿ ಸರಿ ಮುಚ್ಚಂಗಿಲ್ಲ. ಆಯಿ ಚಡಪಡಿಸಿದಳು. “ಸುಂಠಿ ಬೆಲ್ಲ ಕಾಸಿ ಕುಡೀ ಅನ್ನು. ಕಿವಿಗೆ ಟವೆಲ್ ಸುತ್ತಿಗೋ ಅನ್ನು. ಫೋನ್ ಹಚ್ಚು, ನಾ ಹೇಳ್ತೇನಿ.”

“ಅಲ್ಲಿ ರೇಂಜ್ ಸಿಗಂಗಿಲ್ರಿ,” ಎಂದಳು ಗೆಳತಿ, ನಾನು ಬಾಯಿ ತೆರೆಯುವ ಮೊದಲೇ.

ಸೊಸೆ ಒಲೆಯ ಮುಂದಿನಿಂದ ನಕ್ಕಳು. “ನಮ್ಮತ್ತಿಗೆ ಕಂಡಕ್ಟರ್ ಮಂದಿ ಅಂದ್ರ ಆಗ್ತಿದ್ದಿಲ್ಲ. ಒಮ್ಮಿ ನಿಂಬಿಹಣ್ಣಿನ ಬುಟ್ಟಿ ಸಮೇತ ನಡು ದಾರ್ಯಾಗ ಇಳಿಸ್ಯಾನಂತ ಒಬ್ಬಾಂವ. ಇವತ್ತ ನೋಡ್ರಿ, ಸುಂಠಿ ಕಾಸಾಕತ್ತಾರ.”

“ಅಂವಾ ಬ್ಯಾರೆ,” ಅಂದಳು ಆಯಿ. ನನ್ನನ್ನು ಕೇಳಿದಳು: “ನಿಮ್ಮಪ್ಪ ಬುಟ್ಟಿಗಿ ಟಿಕೀಟ ಹರೀತಾನೇನು?”

“ಇಲ್ರಿ.”

“ಹಂಗಾದ್ರ ಚಲೋ ಮನಷ್ಯಾ.”

ಅಪ್ಪ ಬುಟ್ಟಿಗೆ ಟಿಕೆಟ್ ಹರಿಯುತ್ತಿದ್ದನೋ ಇಲ್ಲವೋ ನನಗೆ ತಿಳಿಯದು. ಹರಿಯುತ್ತಿದ್ದನೆಂದೇ ಅನ್ನಿಸುತ್ತದೆ. ನಿಯಮದ ಮನುಷ್ಯ.

ಇಲ್ಲಿ ಅಪ್ಪ ಬದುಕಿದ್ದಂತೆ ಅನ್ನಿಸಿತು ಎಂದು ಬರೆದರೆ ಚೆಂದ. ಅನ್ನಿಸಲಿಲ್ಲ. ಆತ ಸತ್ತಿದ್ದು ನನಗೆ ಒಂದು ಗಳಿಗೆಯೂ ಮರೆತುಹೋಗಲಿಲ್ಲ. ಆದರೆ ಮನೆಯಲ್ಲಿ ಅವನ ಹೆಸರು ಬಂದರೆ ನನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಇಲ್ಲಿ ಮಾತು ಬರುತ್ತಿತ್ತು. ಯಾರೂ ನನ್ನ ಕಣ್ಣು ಒದ್ದೆಯಾಯಿತೇ ಎಂದು ನೋಡುತ್ತಿರಲಿಲ್ಲ. ನಾನು ರೊಟ್ಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಆ ವಾರ ನನಗೆ ಬೇಕಾಗಿದ್ದದ್ದು ಒಂದೇ: ಆಯಿಗೆ ತಿಳಿಯದೆ ವಾರ ಮುಗಿಯಬೇಕು.

ಈಗ ನಾನು ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಶಿಬಿರದ ಜವಾಬ್ದಾರಿಯೂ ನನ್ನದೇ. ಮಕ್ಕಳನ್ನು ಸಿಂದಗಿ ಕಡೆಯ ಹಳ್ಳಿಗಳಿಗೆ ಕರೆದೊಯ್ಯುತ್ತೇನೆ. ಹೋಗುವ ಮೊದಲು ಪಾಲಕರ ಸಭೆ ಇರುತ್ತದೆ. ಈ ಸಲ ಒಬ್ಬ ತಂದೆ ಎದ್ದು ನಿಂತ.

“ಮೇಡಮ್ಮಾರ, ನಮ್ಮ ಹುಡುಗಿ ಮನ್ಯಾಗ ತಾ ಉಂಡ ತಾಟು ಎತ್ತಂಗಿಲ್ಲ. ಅಲ್ಲಿ ಹೋಗಿ ಮಂದಿ ಗಟಾರ ತಗದ್ರ ಏನ್ ಸಿಗ್ತೈತ್ರಿ? ಮಾರ್ಕ್ಸ್ ಸಿಗ್ತಾವೇನು?”

ಎಲ್ಲರೂ ನಕ್ಕರು. ನಾನು ಹೇಳಬೇಕಾದ್ದನ್ನು ಹೇಳಿದೆ. ಹೊಂದಿಕೊಳ್ಳುವುದನ್ನು ಕಲಿಯುತ್ತಾರೆ, ಬೇರೆಯವರ ಮನೆಯಲ್ಲಿ ಕೂತು ಉಣ್ಣುವುದನ್ನು ಕಲಿಯುತ್ತಾರೆ, ತಾಟನ್ನೂ ಎತ್ತುತ್ತಾರೆ. ಸುಳ್ಳಲ್ಲ, ಎತ್ತಿದ್ದನ್ನು ನೋಡಿದ್ದೇನೆ. ಕೆಲವರು ಗಟ್ಟಿಯಾಗಿ ಮಾತನಾಡಲು ಶುರುಮಾಡಿದ್ದನ್ನೂ. ನಮ್ಮ ಮೇಲೆ ಯಾವ ದುಃಖ ಬಿದ್ದಿದೆಯೆಂದು ಗೊತ್ತಿಲ್ಲದ ಜನರ ನಡುವೆ ಒಂದು ವಾರ ಇರುವುದೂ ಒಂದು ಲಾಭ ಎಂದು ಆ ಸಭೆಯಲ್ಲಿ ಹೇಗೆ ಹೇಳುವುದು? ಯಾರ ಮೇಲೆ ಏನು ಬಿದ್ದಿದೆ ಎಂದು ಕೇಳುತ್ತಾರೆ. ಆತ ಕೊನೆಗೆ ಒಪ್ಪಿ ಸಹಿ ಹಾಕಿದ.

ಆಗಿನ ನಮ್ಮ ಶಿಬಿರದ ಕೊನೆಯ ದಿನಕ್ಕೆ ಪಾಲಕರನ್ನು ಕರೆಯುವುದೆಂದು ಸರ್ ನಿರ್ಧರಿಸಿದರು. ಆಯಿಗೂ ಸುದ್ದಿ ಮುಟ್ಟಿತು.

“ನಿಮ್ಮಪ್ಪಗ ಬಾ ಅನ್ನು. ರಜಾ ಹಾಕ್ಲಿ.”

“ಸಿಗಂಗಿಲ್ರಿ ಆಯಿ.”

“ಯಾಕ ಸಿಗಂಗಿಲ್ಲ? ಮಗಳು ಸ್ಟೇಜಿನ ಮ್ಯಾಲ ಹಾಡಾಕತ್ತಾಳ ಅಂದ್ರ ಕೊಡ್ತಾರ. ನಮ್ಮ ಮನ್ಯಾಗ ಉಂಡು ಹೋಗ್ಲಿ.”

ಅವತ್ತು ಊಟದ ನಡುವೆ ಎದ್ದು ಕೈ ತೊಳೆದುಕೊಂಡೆ. ನಮ್ಮ ಮನೆಗೆ ಹೇಳಬೇಡಿ ಎಂದು ಸರ್ ಅವರನ್ನು ಕೇಳಿಕೊಂಡೆ. ಅವರು ಕಾರಣ ಕೇಳಿದರು. ನಾನು ಹೇಳಲಿಲ್ಲ. ಗೆಳತಿ ಹೇಳಿದಳೋ ಏನೋ, ಇಲ್ಲ ಎನ್ನುತ್ತಾಳೆ.

ಅವ್ವ ಬಂದಳು. ಗೆಳತಿಯ ತಾಯಿಯ ಜೊತೆ, ಬಸ್ಸು ಬದಲಿಸಿ ಬದಲಿಸಿ. ಹಣೆಯ ಮೇಲೆ ವಿಭೂತಿ ಮಾತ್ರ. ಕೈಯಲ್ಲಿ ಹಸಿರು ಬಳೆ ಇರಲಿಲ್ಲ. ನಮ್ಮ ಕಡೆಯ ಯಾವ ಹೆಂಗಸಾದರೂ ಒಮ್ಮೆ ನೋಡಿದರೆ ಸಾಕು. ಆದರೆ ಚಳಿ ಇತ್ತು, ಅವ್ವ ಶಾಲು ಹೊದ್ದಿದ್ದಳು, ಸೆರಗು ಹಣೆಯವರೆಗೆ ಇತ್ತು. ಎಷ್ಟು ಕಾಣುತ್ತಿತ್ತೋ.

ನಾವು ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ನಿಂತು ಹಾಡುತ್ತಿದ್ದೆವು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳು. ಆಯಿ ಬಂದು ಅವ್ವನ ಪಕ್ಕದ ಕುರ್ಚಿಯಲ್ಲಿ ಕೂತಳು. ಯಾವೂರು, ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾಳೆ. ನಾನು ಬಾಯಿ ತೆರೆದು ಮುಚ್ಚುತ್ತಿದ್ದೆ, ದನಿ ಇರಲಿಲ್ಲ. ಆಯಿ ಎದ್ದು ಅವ್ವನ ಕೊರಳಿಗೆ ಬೀಳುವುದನ್ನು, ಸಭೆಯೆಲ್ಲ ತಿರುಗಿ ನೋಡುವುದನ್ನು, ಆಮೇಲೆ ಎಲ್ಲರೂ ನನ್ನನ್ನು ನೋಡುವುದನ್ನು ಕಾಯುತ್ತಿದ್ದೆ.

ಏನೂ ಆಗಲಿಲ್ಲ. ಇಬ್ಬರೂ ಮಾತನಾಡುತ್ತಿದ್ದರು. ಒಂದು ಹಂತದಲ್ಲಿ ಆಯಿ ಅವ್ವನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವ್ವ ನಕ್ಕಳು, ಅಪ್ಪ ಹೋದ ಮೇಲೆ ನಾನು ಕಂಡ ಮೊದಲ ನಗು. ಗೆಳತಿಯ ಪ್ರಕಾರ ಅವರಿಬ್ಬರೂ ಪಕ್ಕದಲ್ಲಿ ಕೂತೇ ಇರಲಿಲ್ಲ, ಆಯಿ ಊರ ಹೆಂಗಸರ ಜೊತೆ ಕೆಳಗೆ ಜಮಖಾನೆಯ ಮೇಲಿದ್ದಳು.

ಹೊರಡುವಾಗ ಆಯಿ ಗಾಡಿಯ ತನಕ ಬಂದಳು. ನನ್ನ ಕೆನ್ನೆ ಸವರಿ, ಆ ಬೆರಳುಗಳನ್ನು ತನ್ನ ಹಣೆಗೆ ಒತ್ತಿ ನೆಟಿಕೆ ಮುರಿದಳು. ಅಪ್ಪ ಬಂದನೇ, ಉಂಡನೇ, ಗಂಟಲು ಹೇಗಿದೆ, ಯಾಕೆ ಬರಲಿಲ್ಲ, ಒಂದನ್ನೂ ಕೇಳಲಿಲ್ಲ. “ಹತ್ರಿ, ಗಾಡಿ ಬಿಡಾಕತ್ತೈತಿ,” ಅಂದಳು ಅಷ್ಟೇ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಹುಡುಗರು ಕಿರುಚುತ್ತಿದ್ದರು. ಕೇಳಲು ಸಮಯವೂ ಇರಲಿಲ್ಲ.

ತಾಳಿಕೋಟೆ ಹತ್ತಿರ ಬಂದಾಗ ಪಕ್ಕದಲ್ಲಿ ಕೂತಿದ್ದ ಅವ್ವನನ್ನು ಕೇಳಿದೆ. “ಆಯಿ ಏನ್ ಮಾತಾಡಿದ್ಲು?”

“ಏನಿಲ್ಲ. ನಿಂಬಿಹಣ್ಣಿನ ರೇಟ ಬಿದ್ದೈತಿ ಅನ್ನಾಕತ್ತಿದ್ಲು,” ಅಂದಳು ಅವ್ವ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನಿಂಬೆಹಣ್ಣಿನ ರೇಟಿಗೆ ಯಾರಾದರೂ ಕೈ ಹಿಡಿದು ಕೂರುತ್ತಾರೆಯೇ? ಕೂರಬಹುದು.

ಅಳು ಆಮೇಲೂ ಬರಲಿಲ್ಲ. ಬರುವವರು ಮುಗಿದರು, ಕೇಳುವವರೂ ಉಳಿಯಲಿಲ್ಲ. ಇತ್ತೀಚೆಗೆ ಅವ್ವನನ್ನು ಆಯಿಯ ಮಾತಿನ ಬಗ್ಗೆ ಮತ್ತೊಮ್ಮೆ ಕೇಳಿದೆ. “ಯಾವ ಆಯಿ?” ಅಂದಳು. ನಾನು ಬಿಡಿಸಿ ಹೇಳಲಿಲ್ಲ. ಹೇಳಿದರೆ ಅಪ್ಪನನ್ನು ವಾರವಿಡೀ ನಿಡಗುಂದಿ ಕಡೆಯ ಬಸ್ಸಿನಲ್ಲಿ ಮಲಗಿಸಿದ್ದನ್ನೂ ಹೇಳಬೇಕಾಗುತ್ತದೆ.

ಆ ಊರಿಗೆ ನಾನು ಮತ್ತೆ ಹೋಗಿಲ್ಲ. ಆಯಿ ಇದ್ದಾಳೋ ಇಲ್ಲವೋ ತಿಳಿಯದು. ಅಪ್ಪ ಸತ್ತದ್ದು ಆಕೆಗೆ ಗೊತ್ತಾಗಿತ್ತೋ, ಗೊತ್ತಾಗಿದ್ದರೆ ಕೊನೆಯ ದಿನ ಅವ್ವನಿಂದಲೋ, ಮೊದಲ ಸಂಜೆಯೇ ಸರ್ ಬಾಯಿಂದಲೋ, ಗೊತ್ತಿದ್ದೇ ಸುಂಠಿ ಬೆಲ್ಲದ ಮಾತು ಆಡಿದಳೋ, ನನಗೆ ಗೊತ್ತಿಲ್ಲ.