ನೆನಪಿಟ್ಟುಕೊಳ್ಳುವುದೂ ಒಂದು ಕೆಲಸ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಗೂಳೂರಿನ ಹಿಂದಿನ ಬೀದಿಯಲ್ಲಿ ಭಾನುಪ್ರಿಯಾ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿ, ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಗುಂಡಿಯೊಳಗೆ ಇಳಿಸುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಾರೆ. ಹದಿನಾಲ್ಕು ಸುತ್ತು. ನೆಲದೊಳಗೆ ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ಓಡುವ ಸದ್ದು. ಅಷ್ಟಕ್ಕೇ ಅವರು ಹೊರಡುವುದಿಲ್ಲ. ಬೀದಿಯ ತುದಿಯಲ್ಲಿ ಯಾರೋ ನಲ್ಲಿಗೆ ಬಿಂದಿಗೆ ಒಡ್ಡಿದ ಸದ್ದು ಕಿವಿಗೆ ಬೀಳುವ ತನಕ ನಿಂತೇ ಇರುತ್ತಾರೆ.

“ಮೊದಲ ಮನೆಗೆ ನೀರು ಯಾರು ಬೇಕಾದ್ರೂ ಬಿಡ್ತಾರೆ. ಕೊನೇ ಮನೆಗೆ ಹೋಯ್ತಾ ಅಂತ ನೋಡೋದೇ ಕೆಲಸ” ಎನ್ನುತ್ತಾರೆ ಮೊಪೆಡ್ ಹತ್ತುತ್ತಾ.

ಭಾನುಪ್ರಿಯಾ ಇಲ್ಲಿನ ನೀರುಗಂಟಿ. ಮೂವತ್ತೊಂಬತ್ತು ವರ್ಷ. ಹದಿನೇಳು ವಾಲ್ವ್, ಎರಡು ಬೋರ್‌ವೆಲ್, ಎಂಟುನೂರು ಚಿಲ್ಲರೆ ಮನೆ ಅವರ ಪಾಲಿಗೆ. ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತಿಥಿ ಎಂದು ತಿಳಿದುಕೊಂಡು ಆ ದಿನ ಹತ್ತು ನಿಮಿಷ ಹೆಚ್ಚು ಬಿಡುತ್ತಾರೆ. ಅಪ್ಪ ಬೆಟ್ಟಸ್ವಾಮಿ ಇಪ್ಪತ್ತಾರು ವರ್ಷ ಇದೇ ಚಾವಿ ಹಿಡಿದವರು. ಅವರು ತೀರಿಕೊಂಡಾಗ ಹೆಂಗಸಿನ ಕೈಲಿ ವಾಲ್ವ್ ತಿರುಗೀತೇ ಎಂದು ಕೆಲವರು ಗೊಣಗಿದರು. ಒಂದು ಬೇಸಿಗೆ ಕಳೆದ ಮೇಲೆ ಗೊಣಗಾಟ ನಿಂತಿತು.

ಆದರೆ ತಮ್ಮ ಬಗ್ಗೆ ಪತ್ರಿಕೆಗೆ ಬರೆಯುತ್ತೇವೆಂದರೆ ಭಾನುಪ್ರಿಯಾ ಮಾತನ್ನು ಮನೆಯ ಕಡೆ ತಿರುಗಿಸುತ್ತಾರೆ. ಅಲ್ಲಿ ಸಂಧ್ಯಾ ಇದ್ದಾರೆ, ಹನ್ನೊಂದು ವರ್ಷದಿಂದ ಅವರ ಬಾಳಸಂಗಾತಿ. ಗುಬ್ಬಿಯ ಕಡೆಯವರು. ಕುಣಿಗಲ್‌ನ ಗಾರ್ಮೆಂಟ್ಸ್ ಒಂದರಲ್ಲಿ ಅಕ್ಕಪಕ್ಕದ ಮೆಷಿನ್‌ನಲ್ಲಿ ಕೂತು ಹೊಲಿಯುತ್ತಿದ್ದಾಗ ಪರಿಚಯ. ಈಗ ಸಂಧ್ಯಾ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಇಬ್ಬರೂ ಒಟ್ಟಿಗೆ ಬಾಳುತ್ತೇವೆಂದಾಗ ಭಾನುಪ್ರಿಯಾ ಅವರ ತಾಯಿ ಕದರಮ್ಮ ಒಂದು ವರ್ಷ ಮಾತು ಬಿಟ್ಟಿದ್ದರು. ಆಮೇಲೆ ಲಕ್ವ ಹೊಡೆದು ಮಲಗಿದಾಗ ಮೂರು ತಿಂಗಳು ಅನ್ನ ಕಲಸಿ ತಿನ್ನಿಸಿದವರು ಸಂಧ್ಯಾ. ಈಗ ಯಾರಾದರೂ ಇವಳ್ಯಾರು ಎಂದು ಕೇಳಿದರೆ ಕದರಮ್ಮನ ಉತ್ತರ ಸಿದ್ಧವಿದೆ: “ನಮ್ ಭಾನು ಮನೆಯೋಳು ಕಣವ್ವ.”

ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಭಾನುಪ್ರಿಯಾ ಮನೆಗೆಲಸಕ್ಕೆ ಹಿಂಜರಿದವರಲ್ಲ. ಮುದ್ದೆ ತೊಳಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಹೇಳಿದ ಸಾಮಾನೆಲ್ಲ ತರುತ್ತಿದ್ದರು. ಹೇಳುವವರು ಮಾತ್ರ ಸಂಧ್ಯಾ. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ರೇಷನ್ ಯಾವತ್ತು ಬರುತ್ತದೆ, ಕದರಮ್ಮನ ಮಾತ್ರೆ ಎಂದಿಗೆ ಮುಗಿಯುತ್ತದೆ, ಎಲ್ಲವೂ ಅವರ ತಲೆಯಲ್ಲೇ ಓಡುತ್ತಿತ್ತು. ಬ್ಲೌಸಿಗೆ ಹುಕ್ ಹಾಕುವಾಗಲೂ, ಬಸ್ಸಿನಲ್ಲಿ ನಿಂತಾಗಲೂ.

ಎರಡು ವರ್ಷದ ಹಿಂದೆ ಸಂಧ್ಯಾ ಅವರ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹನ್ನೆರಡು ದಿನ ಗುಬ್ಬಿಗೆ ಹೊರಟರು. ಹೊರಡುವ ಮುಂಚೆ ಮನೆಯ ವಿಷಯವನ್ನೆಲ್ಲ ಹೇಳಲು ಕೂತರೆ ಭಾನುಪ್ರಿಯಾ ನಕ್ಕು, ಏನಿದ್ದರೂ ಫೋನ್ ಮಾಡು, ಮಾಡುತ್ತೇನೆ ಎಂದು ಬಸ್ ಹತ್ತಿಸಿ ಬಂದರು. ಎಂಟನೇ ದಿನ ಬೋರ್‌ವೆಲ್‌ನ ಮೋಟಾರ್ ಸುಟ್ಟಿತು. ಎರಡು ದಿನ ಅದರ ಹಿಂದೆಯೇ ಓಡಾಟ. ಆ ನಡುವೆ ಶನಿವಾರ, ಲಕ್ವದ ನಂತರ ಶುರುವಾದ ಫಿಟ್ಸಿಗೆ ಕದರಮ್ಮ ನುಂಗುತ್ತಿದ್ದ ಮಾತ್ರೆ ಮುಗಿದಿತ್ತು. ಮಗಳು ಸುಸ್ತಾಗಿ ಬಂದಿದ್ದಾಳೆಂದು ತಾಯಿ ಬಾಯಿಬಿಡಲಿಲ್ಲ. ಖಾಲಿ ಶೀಟು ಕಣ್ಣಿಗೆ ಬಿದ್ದರೂ ಸೋಮವಾರ ತಂದರಾಯಿತು ಎಂದುಕೊಂಡರು ಭಾನುಪ್ರಿಯಾ.

ಸೋಮವಾರ ಬೆಳಿಗ್ಗೆ ನೀರು ಬಿಟ್ಟು ಬರುವಷ್ಟರಲ್ಲಿ ಕದರಮ್ಮ ಹಿತ್ತಿಲ ಬಾಗಿಲಲ್ಲಿ ಬಿದ್ದಿದ್ದರು. ಕೈಕಾಲು ಸೆಟೆದು, ಹಣೆ ಒಡೆದು ರಕ್ತ. ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಮಾತ್ರೆ, ಎಷ್ಟು ಪವರ್ರು, ದಿನಕ್ಕೆ ಎಷ್ಟು ಸಲ.

ಮೂರಕ್ಕೂ ಭಾನುಪ್ರಿಯಾ ಸಂಧ್ಯಾಗೇ ಫೋನ್ ಮಾಡಿ ಸ್ಪೀಕರ್ ಹಾಕಿದರು. ಅತ್ತ ಮಗು ಅಳುತ್ತಿತ್ತು. ಸಂಧ್ಯಾ ಮಾತ್ರೆಯ ಹೆಸರು, ಐನೂರರದ್ದು ಬೆಳಿಗ್ಗೆ ಒಂದು ರಾತ್ರಿ ಒಂದು, ಹೋದ ಸಲ ಸ್ಕ್ಯಾನ್ ಆದ ತಾರೀಕು, ಯಾವ ಇಂಜೆಕ್ಷನ್ ಒಗ್ಗುವುದಿಲ್ಲ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಡಾಕ್ಟರು ಬರೆದುಕೊಂಡು ಒಳಗೆ ಹೋದರು.

“ಊರಿನ ಎಂಟುನೂರು ಮನೆ ನೀರು ನಂಗೊತ್ತು. ಹೆತ್ತವಳ ಮಾತ್ರೆ ಹೆಸರು ಗೊತ್ತಿರ್ಲಿಲ್ಲ” ಎನ್ನುವಾಗ ಅವರ ದನಿ ಇಂದಿಗೂ ತಗ್ಗುತ್ತದೆ. “ಗಂಡಸಿಲ್ಲದ ಮನೆ, ಇಬ್ರೂ ಸಮ ಅಂದ್ಕೊಂಡಿದ್ದೆ. ಗಂಡಸಿನ ಕುರ್ಚೀಲಿ ನಾನೇ ಹೋಗಿ ಕೂತಿದ್ದೆ.”

ಮೂರು ದಿನಕ್ಕೆ ಕದರಮ್ಮ ಚೇತರಿಸಿಕೊಂಡು ಮನೆಗೆ ಬಂದರು. ಸಂಧ್ಯಾ ರೇಗಲಿಲ್ಲ. ಹೊಸಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಒಂದೇ ಮಾತು ಹೇಳಿದರು.

“ನೀನು ಕೆಲಸ ಮಾಡಲ್ಲ ಅಂತ ಅಲ್ಲ ಕಣೇ. ಹೇಳಿದ್ದೆಲ್ಲ ಮಾಡ್ತೀಯ. ನೆನಪಿಟ್ಕೊಂಡು ಹೇಳೋದೇ ನಂಗೆ ಸುಸ್ತು.”

ಅಂದಿನಿಂದ ಹಂಚಿಕೊಂಡದ್ದು ಕೆಲಸವನ್ನಲ್ಲ, ನೆನಪನ್ನು. ಕದರಮ್ಮನ ಔಷಧಿ, ಆಸ್ಪತ್ರೆ, ಗ್ಯಾಸ್ ಪೂರ್ತಿ ಭಾನುಪ್ರಿಯಾ ಅವರದು. ಸಂಧ್ಯಾ ಜ್ಞಾಪಿಸುವಂತಿಲ್ಲ. ಅಡುಗೆ ಸಾಮಾನು, ಕರೆಂಟ್ ಬಿಲ್, ನೆಂಟರಿಷ್ಟರ ಮನೆಯ ಶುಭಕಾರ್ಯಗಳು ಸಂಧ್ಯಾ ಅವರದು. ಮೊದಲ ತಿಂಗಳೇ ಭಾನುಪ್ರಿಯಾ ಗ್ಯಾಸ್ ಮರೆತರು. ಮೂರು ದಿನ ಹಿತ್ತಿಲಲ್ಲಿ ತೆಂಗಿನ ಗರಿ ಉರಿಸಿ ಅಡುಗೆಯಾಯಿತು. ಹೊಗೆಗೆ ಕಣ್ಣುಜ್ಜಿಕೊಂಡರೂ ಸಂಧ್ಯಾ ತಾವೇ ಬುಕ್ ಮಾಡಲು ಹೋಗಲಿಲ್ಲ. ಬಿಟ್ಟುಕೊಡುವುದು ಅವರಿಗೂ ಸುಲಭವಾಗಿರಲಿಲ್ಲ. ಒಂದು ಸಂಜೆ ಕಪಾಟಿನ ಮುಂದೆ ನಿಂತು ಅತ್ತೆಯ ಮಾತ್ರೆ ಎಣಿಸುತ್ತಿದ್ದಾಗ ಭಾನುಪ್ರಿಯಾ ಕೈಗೆ ಸಿಕ್ಕಿಬಿದ್ದರು. ಮಾತ್ರೆ ಸರಿಯಾಗಿಯೇ ಇತ್ತು, ಇನ್ನೂ ಹತ್ತು ದಿನಕ್ಕಾಗುವಷ್ಟು. ಆಮೇಲೆ ಸಂಧ್ಯಾ ಆ ಕಪಾಟು ತೆಗೆದದ್ದಿಲ್ಲ.

ಹಿತ್ತಿಲ ಬಾಗಿಲಲ್ಲಿ ಬಿದ್ದ ಆ ಬೆಳಗಿನಿಂದ ಈಚೆಗೆ ಕದರಮ್ಮನಿಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲ. ತಮ್ಮ ಮಾತ್ರೆ ಮುಗಿಯಲು ನಾಲ್ಕು ದಿನವಿರುವಾಗಲೇ ಮಗಳು ಹೊಸದು ತರುತ್ತಾಳೆಂದು ಅಕ್ಕಪಕ್ಕದವರಿಗೆ ಹೇಳಿಕೊಳ್ಳುತ್ತಾರೆ. ಸಂಧ್ಯಾಗೆ ಈಗ ಬಸ್ಸಿನಲ್ಲಿ ನಿದ್ದೆ ಬರುತ್ತದೆ. ಮೊನ್ನೆ ಮಲಗಿದ್ದವರು ಗೂಳೂರು ದಾಟಿ ಹೋಗಿ, ನಡೆದು ವಾಪಸ್ ಬಂದರಂತೆ. ಬೈಯಬೇಕಾದವರು ಭಾನುಪ್ರಿಯಾ, ಖುಷಿಪಟ್ಟರಂತೆ.

“ಅಷ್ಟು ವರ್ಷ ಅವಳು ಹೊತ್ತಿದ್ದು ಒಬ್ರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ. ನೀರು ಬಿಟ್ರೆ ಜನ ಥ್ಯಾಂಕ್ಸ್ ಅಂತಾರೆ. ಅವಳಿಗೆ ಯಾರು ಹೇಳಿದ್ರು?”

ಬಿಸಿಲೇರಿದೆ. ಕೊನೆಯ ವಾಲ್ವ್ ಮುಚ್ಚಿ, ಮೊಪೆಡ್ಡಿಗೆ ಚಾವಿ ಬಿಗಿಯುತ್ತಾ ಭಾನುಪ್ರಿಯಾ ತಮ್ಮ ಆಸೆಯೊಂದನ್ನು ಹೇಳಿಕೊಳ್ಳುತ್ತಾರೆ. ಟೈಲರ್ ಅಂಗಡಿಯ ಹೆಂಗಸರೆಲ್ಲ ಮುಂದಿನ ತಿಂಗಳು ಸಮುದ್ರ ನೋಡಲು ಗೋಕರ್ಣಕ್ಕೆ ಹೋಗುತ್ತಾರಂತೆ. ಸಂಧ್ಯಾ ಇನ್ನೂ ಹೂಂ ಅಂದಿಲ್ಲ.

“ನಾಲ್ಕು ದಿನ ಹೋಗಿ ಬರ್ಲಿ. ಅಲ್ಲಿಂದ ಫೋನ್ ಮಾಡಿದ್ರೆ ಸಮುದ್ರ ಹೆಂಗಿದೆ ಅಂತ ಮಾತ್ರ ಹೇಳ್ಬೇಕು. ಮನೇದು ಏನೂ ಕೇಳ್ಬಾರ್ದು.”